'ಒಯ್ದ' ಅಂದರೆ 'ಗೊತ್ತು': ಒಂದು ಹಳೆಯ ಗ್ರೀಕ್ ಕ್ರಿಯಾಪದವನ್ನು ಕನ್ನಡದ ದಾರಿಯಲ್ಲಿ ಕಲಿಯೋಣ

ಕನ್ನಡದಲ್ಲಿ 'ಒಯ್ದ' ಅಂದರೆ ತೆಗೆದುಕೊಂಡು ಹೋದ. ಹಳೆಯ ಗ್ರೀಕ್ ಭಾಷೆಯಲ್ಲೂ ಹೆಚ್ಚುಕಡಿಮೆ ಇದೇ ಸದ್ದಿನ ಒಂದು ಮಾತಿದೆ. ಅಲ್ಲಿ ಅದಕ್ಕೆ 'ನನಗೆ ಗೊತ್ತು' ಅಂತ ಅರ್ಥ. ಎರಡಕ್ಕೂ ಏನೇನೂ ಸಂಬಂಧ ಇಲ್ಲ, ಸುಮ್ನೆ ಹಾಗೆ ಕೂಡಿಬಂದಿದೆ. ಆದರೆ ನೆನಪಿಟ್ಟುಕೊಳ್ಳುವುದಕ್ಕೆ ಒಳ್ಳೆಯ ಕೊಕ್ಕೆ ಅಲ್ವಾ?

ಗ್ರೀಕ್ ಕಲಿಯಲು ಕೂತವರು ಮೊದಲ ಕೆಲವು ತಿಂಗಳಲ್ಲೇ ಈ ಕ್ರಿಯಾಪದಕ್ಕೆ ಎಡವುತ್ತಾರೆ. ನಾನೂ ಎಡವಿದ್ದೆ. ನನ್ನ ಕೈಲಿದ್ದದ್ದು ಇಂಗ್ಲಿಷ್‌ನಲ್ಲಿ ಬರೆದ ವ್ಯಾಕರಣ ಪುಸ್ತಕ. 'ರೂಪ ನೋಡಿದರೆ ಪರ್ಫೆಕ್ಟ್, ಅರ್ಥ ನೋಡಿದರೆ ವರ್ತಮಾನ, ಧಾತುವಿನ ಮೂಲ ಅರ್ಥ ನೋಡುವುದು' ಅಂತ ಅದರಲ್ಲಿ ಒಂದು ಸಾಲು ಇತ್ತು. ಅದನ್ನೇ ಮೂರು ದಿನ ಓದಿದೆ. ನೋಡಿದ್ದೇನೆ ಅನ್ನುವ ರೂಪ ಗೊತ್ತಿದೆ ಅನ್ನುವ ಅರ್ಥವನ್ನು ಹೇಗೆ ಕೊಡುತ್ತದೆ? ತಲೆಗೆ ಹೋಗಲಿಲ್ಲ. ನಾಲ್ಕನೇ ದಿನ ಯಾರೋ ಫೋನಿನಲ್ಲಿ ಏನೋ ಕೇಳಿದರು. 'ಹೌದು, ನನಗೆ ತಿಳಿದಿದೆ' ಅಂದೆ. ಅಂದ ಕೂಡಲೇ ನಗು ಬಂತು. ಮೂರು ದಿನ ಹುಡುಕಿದ್ದು ನನ್ನ ಬಾಯಲ್ಲೇ ಇತ್ತು.

ಹಾಗಾಗಿ ಈ ಪಾಠವನ್ನು ಇಂಗ್ಲಿಷ್ ದಾರಿ ಬಿಟ್ಟು, ಕನ್ನಡದ ದಾರಿಯಲ್ಲಿ ಬರೆಯುತ್ತಿದ್ದೇನೆ. ನಡುನಡುವೆ ಸ್ವಲ್ಪ ಸಂಸ್ಕೃತವೂ ಬರುತ್ತದೆ. ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಹೆಜ್ಜೆ 1: ಬಾಯಿ ಸರಿಮಾಡಿಕೊಳ್ಳಿ

ಗ್ರೀಕ್ ಅಕ್ಷರಗಳಲ್ಲಿ ಈ ಪದವನ್ನು ಓಮಿಕ್ರಾನ್, ಅಯೋಟ, ಡೆಲ್ಟ, ಆಲ್ಫ ಎಂದು ನಾಲ್ಕು ಅಕ್ಷರದಲ್ಲಿ ಬರೆಯುತ್ತಾರೆ. ನಾನು ಇಲ್ಲಿ ಎಲ್ಲವನ್ನೂ ಕನ್ನಡ ಲಿಪಿಯಲ್ಲೇ ಕೊಡುತ್ತೇನೆ. ಇದರಲ್ಲಿ ನಷ್ಟ ಕಡಿಮೆ, ಲಾಭವೇ ಜಾಸ್ತಿ. ಗ್ರೀಕ್‌ನಲ್ಲಿ ಹ್ರಸ್ವ ಎ, ದೀರ್ಘ ಏ ಬೇರೆಬೇರೆ ಅಕ್ಷರಗಳು. ಒ, ಓ ಕೂಡ ಹಾಗೇ. ರೋಮನ್ ಲಿಪಿಯಲ್ಲಿ ಬರೆಯುವವರು ಇದಕ್ಕಾಗಿ ತಲೆಮೇಲೆ ಗೆರೆ ಎಳೆಯಬೇಕು. ನಮಗೆ ಆ ಕಷ್ಟವಿಲ್ಲ. ಥೀಟ, ಫೈ, ಖೈ ಅನ್ನುವ ಮೂರು ಅಕ್ಷರಗಳನ್ನು ಕ್ರಿಸ್ತಪೂರ್ವ 5ನೇ ಶತಮಾನದ ಅಥೆನ್ಸಿನಲ್ಲಿ ನಮ್ಮ ಥ, ಫ, ಖ ತರಹವೇ ಉಸಿರು ಸೇರಿಸಿ ಹೇಳುತ್ತಿದ್ದರು. ಫ ಅನ್ನುವಾಗ 'ಫಲ' ನೆನೆಸಿಕೊಳ್ಳಿ, 'ಫೋನ್' ಬೇಡ.

ಈಗ ಜೋರಾಗಿ ಹೇಳಿ: ಒಯ್ದ. ಕೊನೆಯ ಅ ಹ್ರಸ್ವ.

ಹೆಜ್ಜೆ 2: 'ತಿಳಿದಿದೆ' ಅನ್ನುವುದನ್ನು ಬಿಡಿಸಿ ನೋಡಿ

'ತಿಳಿದಿದೆ' ಅಂದರೆ 'ತಿಳಿದು' ಮತ್ತು 'ಇದೆ'. ತಿಳಿಯುವ ಕೆಲಸ ಹಿಂದೆ ಯಾವಾಗಲೋ ಮುಗಿದಿದೆ. ಅದರ ಫಲ ಈಗ ಇದೆ. 'ಅಜ್ಜಿ ಕೂತಿದ್ದಾರೆ', 'ಬಸ್ಸು ನಿಂತಿದೆ', 'ಮಗು ಮಲಗಿದೆ' ಕೂಡ ಇದೇ ಅಚ್ಚಿನವು. ಕೂರುವ ಕ್ರಿಯೆ ಆಗಿಹೋಯಿತು, ಕೂತ ಸ್ಥಿತಿ ಉಳಿದಿದೆ. ರೂಪ ನೋಡಿದರೆ ಮುಗಿದ ಕೆಲಸ, ಅರ್ಥ ನೋಡಿದರೆ ಈಗಿನ ಸ್ಥಿತಿ.

ಗ್ರೀಕ್ ಪರ್ಫೆಕ್ಟ್ ಅಂದರೆ ಇದೇ. 'ಹೆಸ್ತೇಕ' ಅಂದರೆ ನಿಂತಿದ್ದೇನೆ. 'ತೆಥ್ನೇಕೆ' ಅಂದರೆ ಸತ್ತಿದ್ದಾನೆ. 'ಒಯ್ದ' ಅಂದರೆ ಕಂಡಿದ್ದೇನೆ, ಹಾಗಾಗಿ ಬಲ್ಲೆ. ನಾವೂ 'ಅವನ ಬುದ್ಧಿ ನಾನು ಕಂಡಿದ್ದೇನೆ ಬಿಡಿ' ಅನ್ನುತ್ತೇವೆ. ಅಲ್ಲಿ ಕಂಡಿದ್ದೇನೆ ಅಂದರೆ ಚೆನ್ನಾಗಿ ಗೊತ್ತು ಅಂತಲೇ ಅರ್ಥ.

ಪರ್ಫೆಕ್ಟ್ ರೂಪಕ್ಕೆ ಗ್ರೀಕ್‌ನಲ್ಲಿ ಸಾಮಾನ್ಯವಾಗಿ ಮೊದಲ ಅಕ್ಷರ ಇಮ್ಮಡಿಯಾಗುತ್ತದೆ. 'ತೆಥ್ನೇಕೆ'ಯ ಮೊದಲಿಗೆ ಬಂದ 'ತೆ' ಹಾಗೆ ಬಂದದ್ದು. 'ಒಯ್ದ'ಕ್ಕೆ ಮಾತ್ರ ಈ ಇಮ್ಮಡಿ ಇಲ್ಲ. ಇದು ತುಂಬ ಹಳೆಯ ಕಾಲದಿಂದ ಹಾಗೇ ಉಳಿದುಬಂದ ರೂಪ.

ಹೆಜ್ಜೆ 3: ಆರು ರೂಪ, ಪಕ್ಕದಲ್ಲಿ ಸಂಸ್ಕೃತ

ಕನ್ನಡಕ್ಕೂ ಗ್ರೀಕ್‌ಗೂ ನಂಟಿಲ್ಲ. ಕನ್ನಡ ದ್ರಾವಿಡ ಭಾಷೆ. ಆದರೆ ಸಂಸ್ಕೃತ ಮತ್ತು ಗ್ರೀಕ್ ದಾಯಾದಿಗಳು. ಇವು ಒಂದೇ ಬುಡದಿಂದ ಬಂದಿರಬೇಕು ಎಂದು 1786ರಲ್ಲಿ ವಿಲಿಯಂ ಜೋನ್ಸ್ ಕಲ್ಕತ್ತೆಯಲ್ಲಿ ಭಾಷಣ ಮಾಡಿದ. ಆ ನಂಟಿಗೆ ಒಂದೇ ಒಂದು ಸಾಕ್ಷಿ ಕೊಡಿ ಅಂದರೆ ನಾನು ಈ ಪಟ್ಟಿ ಕೊಡುತ್ತೇನೆ. ಗ್ರೀಕ್ ಮೊದಲು, ಸಂಸ್ಕೃತ ಆಮೇಲೆ.

ನಾನು ಬಲ್ಲೆ: ಒಯ್ದ, ವೇದ
ನೀನು ಬಲ್ಲೆ: ಒಯ್ಸ್ಥ, ವೇತ್ಥ
ಅವನು ಬಲ್ಲ: ಒಯ್ದೆ, ವೇದ
ನಾವು ಬಲ್ಲೆವು: ಇಸ್ಮೆನ್, ವಿದ್ಮ
ನೀವು ಬಲ್ಲಿರಿ: ಇಸ್ತೆ, ವಿದ
ಅವರು ಬಲ್ಲರು: ಇಸಾಸಿ, ವಿದುಃ

(ಇಬ್ಬರಿಗೆ ಮಾತ್ರ ಬಳಸುವ ದ್ವಿವಚನವೂ ಇದೆ, 'ಇಸ್ತೊನ್'. ಸದ್ಯಕ್ಕೆ ಬಿಡಿ.)

ಇಲ್ಲಿ 'ವೇದ' ಅಂದರೆ ಗ್ರಂಥದ ಹೆಸರಲ್ಲ, ಕ್ರಿಯಾಪದ. ನೀವು ಇದನ್ನು ಎಷ್ಟೋ ಸಲ ಕೇಳಿರುತ್ತೀರಿ. ದೇವಸ್ಥಾನದಲ್ಲಿ ಮಂಗಳಾರತಿ ಹೊತ್ತಿಗೆ ಹೇಳುವ ಮಂತ್ರಪುಷ್ಪ ಶುರುವಾಗುವುದೇ 'ಯೋಽಪಾಂ ಪುಷ್ಪಂ ವೇದ' ಎಂದು. ನೀರಿನ ಹೂವನ್ನು ಯಾರು ಬಲ್ಲನೋ ಅಂತ ಅರ್ಥ. ಇದು 'ಅವನು ಬಲ್ಲ' ರೂಪ, ಗ್ರೀಕ್‌ನ 'ಒಯ್ದೆ'. ಪುರುಷಸೂಕ್ತದಲ್ಲಿ 'ವೇದಾಹಮೇತಂ ಪುರುಷಂ ಮಹಾಂತಂ' ಬರುತ್ತದೆ. ವೇದ, ಅಹಂ. ನಾನು ಬಲ್ಲೆ. ಇದು 'ಒಯ್ದ'. ಕೇನೋಪನಿಷತ್ತಿನ 'ನ ವಿದ್ಮೋ' ಅಂದರೆ ನಾವು ಅರಿಯೆವು. ಅದರಲ್ಲಿರುವ 'ವಿದ್ಮ'ವೇ ಮೇಲಿನ ನಾಲ್ಕನೇ ಸಾಲು. ಈ ಮೂರನ್ನು ಹಿಡಿದುಕೊಂಡರೆ ಗ್ರೀಕ್ ಪಟ್ಟಿ ಅರ್ಧ ಬಾಯಿಪಾಠ ಆದ ಹಾಗೆ.

ಈಗ ಪಟ್ಟಿಯನ್ನು ಇನ್ನೊಮ್ಮೆ ನೋಡಿ. ಒಬ್ಬರಿಗೆ 'ಒಯ್', ಹಲವರಿಗೆ ಬರೀ 'ಇ'. ಸಂಸ್ಕೃತದಲ್ಲೂ ಒಬ್ಬರಿಗೆ 'ವೇ', ಹಲವರಿಗೆ 'ವಿ'. ಶಾಲೆಯಲ್ಲಿ ಗುಣಸಂಧಿ ಕಲಿತವರಿಗೆ ಇ ಹೇಗೆ ಏ ಆಗುತ್ತದೆ ಅನ್ನುವುದು ಹೊಸದಲ್ಲ. ಸಂಸ್ಕೃತದ ಏ ಕೂಡ ಬಹಳ ಹಿಂದೆ 'ಅಯ್' ಆಗಿತ್ತು. ಹಾಗಾದರೆ 'ವೇದ'ದ ಹಳೆಯ ಸದ್ದು 'ವಯ್ದ'. 'ಒಯ್ದ'ಕ್ಕೆ ಅದು ಎಷ್ಟು ಹತ್ತಿರ ನೋಡಿ.

ಇನ್ನು 'ದ' ಹೋಗಿ 'ಸ್' ಬಂದದ್ದು ಎಲ್ಲಿಂದ? ಅದೂ ಸಂಧಿಯೇ. ದ್ ಎದುರಿಗೆ ಥ್ ಅಥವಾ ತ್ ಬಂದರೆ ಸಂಸ್ಕೃತ ಅದನ್ನು 'ತ್' ಮಾಡುತ್ತದೆ: ವೇದ್ ಮತ್ತು ಥ ಸೇರಿ ವೇತ್ಥ. ಗ್ರೀಕ್ ಅದನ್ನು 'ಸ್' ಮಾಡುತ್ತದೆ: ಒಯ್ದ್ ಮತ್ತು ಥ ಸೇರಿ ಒಯ್ಸ್ಥ, ಇದ್ ಮತ್ತು ತೆ ಸೇರಿ ಇಸ್ತೆ. 'ನಾವು' ರೂಪದಲ್ಲಿ ಮಾತ್ರ ಈ ನಿಯಮಕ್ಕೆ ಕೆಲಸವಿಲ್ಲ, ಯಾಕೆಂದರೆ ಎದುರಿಗಿರುವುದು ಮ್. ಗ್ರೀಕರ ಹಳೆಯ ಕವಿ ಹೋಮರನ ಕಾವ್ಯದಲ್ಲಿ ಅದು 'ಇದ್ಮೆನ್' ಅಂತಲೇ ಇದೆ, ವಿದ್ಮದ ಪಕ್ಕಾ ಜೋಡಿ. ಅಥೆನ್ಸಿನವರು ಪಕ್ಕದ 'ಇಸ್ತೆ' ನೋಡಿ ಇದನ್ನೂ 'ಇಸ್ಮೆನ್' ಮಾಡಿಕೊಂಡರು. ಮನೆಯಲ್ಲಿ ಒಬ್ಬರಿಗೆ ನೆಗಡಿಯಾದರೆ ಇನ್ನೊಬ್ಬರಿಗೂ ಅಂಟುವ ಹಾಗೆ.

ಕಳೆದುಹೋದ 'ವ'

ಸಂಸ್ಕೃತದಲ್ಲಿ ವ ಇದೆ, ಗ್ರೀಕ್‌ನಲ್ಲಿ ಇಲ್ಲ. ಎಲ್ಲಿ ಹೋಯಿತು? ಇದನ್ನು ಕಲಿಯದಿದ್ದರೂ ನಡೆಯುತ್ತದೆ. ನನಗೆ ಇಷ್ಟವಾದ ಭಾಗ ಅಂತ ಇಲ್ಲಿ ಹಾಕುತ್ತಿದ್ದೇನೆ.

ಗ್ರೀಕ್‌ನಲ್ಲೂ ಮೊದಲು ವ ಇತ್ತು. ಆ ಅಕ್ಷರದ ಹೆಸರು ಡಿಗಾಮ. ಅಥೆನ್ಸಿನ ಮಾತಿನಲ್ಲಿ ಅದು ಬೇಗ ಸವೆದುಹೋಯಿತು. ಹೋಮರನ ಪುಸ್ತಕದಲ್ಲೂ ಆ ಅಕ್ಷರ ಕಾಣುವುದಿಲ್ಲ, ಆದರೆ ಛಂದಸ್ಸಿನಲ್ಲಿ ಅದರ ಜಾಗ ಖಾಲಿ ಉಳಿದಿದೆ. ನಮ್ಮ ಲೋಪಸಂಧಿಯ ಹಾಗೆ ಗ್ರೀಕ್‌ನಲ್ಲೂ ಸ್ವರದ ಎದುರಿಗೆ ಸ್ವರ ಬಂದರೆ ಹಿಂದಿನದು ಬಿದ್ದುಹೋಗುವುದು ರೂಢಿ. ಹೋಮರನಲ್ಲಿ ಮಾತ್ರ 'ಸಫ ಒಯ್ದ' ಅನ್ನುವ ಮಾತು ಹಾಗೇ ನಿಲ್ಲುತ್ತದೆ. ಚೆನ್ನಾಗಿ ಬಲ್ಲೆ ಎಂದು ಅರ್ಥ. ಸಫದ ಅ ಬೀಳಬೇಕಿತ್ತು, ಬಿದ್ದಿಲ್ಲ. ಯಾಕೆಂದರೆ ಹಾಡಿದವನ ಬಾಯಲ್ಲಿ, ಅಥವಾ ಅವನಿಗೆ ಕಲಿಸಿದವರ ಬಾಯಲ್ಲಿ, ಅದು 'ಸಫ ವೊಯ್ದ' ಆಗಿತ್ತು. 18ನೇ ಶತಮಾನದ ಮೊದಲಲ್ಲಿ ಇಂಗ್ಲೆಂಡಿನ ರಿಚರ್ಡ್ ಬೆಂಟ್ಲಿ ಇಂಥ ಖಾಲಿ ಜಾಗಗಳನ್ನು ನೋಡಿಯೇ ಹೋಮರನಲ್ಲಿ ಡಿಗಾಮ ಇತ್ತೆಂದು ಊಹಿಸಿದ.

ಊಹೆಗೆ ಸಾಕ್ಷಿ ಮಣ್ಣಿನಿಂದ ಬಂತು. ಗ್ರೀಸಿನ ಪೈಲೋಸ್ ಅರಮನೆಯಲ್ಲಿ ಸುಮಾರು ಕ್ರಿಸ್ತಪೂರ್ವ 1200ರ ಮಣ್ಣಿನ ಹಲಗೆಗಳು ಸಿಕ್ಕಿದ್ದವು. ಅದರ ಲಿಪಿಗೆ ಲೀನಿಯರ್ ಬಿ ಎಂದು ಹೆಸರು. 1952ರಲ್ಲಿ ಮೈಕಲ್ ವೆಂಟ್ರಿಸ್ ಅದನ್ನು ಓದುವ ದಾರಿ ಕಂಡುಕೊಂಡ. ಮೇಜು, ಪಾತ್ರೆಗಳ ಪಟ್ಟಿಯಿರುವ ಹಲಗೆಗಳಲ್ಲಿ ಒಂದು 'ಒ ವಿದೆ' ಎಂದು ಶುರುವಾಗುತ್ತದೆ. 'ಹೀಗೆ ಕಂಡ' ಅಂತ ಅರ್ಥ. ಸಾಮಾನು ಸರಂಜಾಮು ಎಣಿಸಿದ ಅಧಿಕಾರಿಯ ಮಾತು! ನಮ್ಮ ಧಾತುವಿಗೆ ಅಲ್ಲಿ ವ ಇನ್ನೂ ಅಂಟಿಕೊಂಡಿದೆ.

ಹೆಜ್ಜೆ 4: ಉಳಿದ ಕಾಲಗಳು

ತಿಳಿದಿದೆ ಅನ್ನುವುದನ್ನು ಹಿಂದಕ್ಕೆ ಹಾಕಬೇಕಾದರೆ ಏನು ಮಾಡುತ್ತೇವೆ? 'ಇದೆ' ತೆಗೆದು 'ಇತ್ತು' ಹಾಕುತ್ತೇವೆ: ತಿಳಿದಿತ್ತು. ಗ್ರೀಕ್ ವ್ಯಾಕರಣ ಇದನ್ನು ಪ್ಲೂಪರ್ಫೆಕ್ಟ್ ಅನ್ನುತ್ತದೆ. ಹೆಸರಿಗೆ ಹೆದರಬೇಡಿ, 'ತಿಳಿದಿತ್ತು' ಅಷ್ಟೇ.

ನಾನು: ಏಯ್ದೇ
ನೀನು: ಏಯ್ದೇಸ್ಥ
ಅವನು: ಏಯ್ದೆಯ್
ನಾವು: ಏಯ್ಸ್ಮೆನ್
ನೀವು: ಏಯ್ಸ್ತೆ
ಅವರು: ಏಯ್ಸನ್

'ನಾನು' ರೂಪಕ್ಕೆ 'ಏಯ್ದೆಯ್ನ್' ಅಂತ ಇನ್ನೊಂದು ಬಗೆಯೂ ಇದೆ. ಹಲವರಿಗೆ 'ಏಯ್ದೆಮೆನ್, ಏಯ್ದೆತೆ, ಏಯ್ದೆಸನ್' ಕೂಡ ಸಿಗುತ್ತದೆ. ಬಾಯಿಪಾಠ ಮಾಡಬೇಡಿ, ಕಂಡಾಗ ಗುರುತು ಹಿಡಿದರೆ ಸಾಕು. ಮೊದಲು 'ಏಯ್' ಇದ್ದು ಹಿಂದೆಯೇ ದ್ ಅಥವಾ ಸ್ ಬಂದರೆ ಇದೇ ಇರಬಹುದು ಅಂತ ಕಿವಿ ನಿಮಿರಬೇಕು.

ಮುಂದಿನ ಕಾಲ 'ಎಯ್ಸೊಮಯ್', ತಿಳಿಯುತ್ತೇನೆ. 'ತಿಳಿಯಲಿ ಅಂತ' ಅನ್ನುವ ಅರ್ಥಕ್ಕೆ 'ಎಯ್ದೋ, ಎಯ್ದೇಯ್ಸ್, ಎಯ್ದೇಯ್' ಸಾಲು. 'ಹಿನ ಎಯ್ದೇಯ್ಸ್' ಅಂದರೆ ನಿನಗೆ ಗೊತ್ತಾಗಲಿ ಅಂತ. ಹಾರೈಕೆ, ಊಹೆಗಳಿಗೆ 'ಎಯ್ದೆಯೇನ್'. ತಿಳಿಯುವುದು ಅನ್ನುವ ಭಾವರೂಪ 'ಎಯ್ದೆನಯ್'.

ಆಜ್ಞೆಯಲ್ಲಿ ಸ್ವಲ್ಪ ನಿಲ್ಲೋಣ. 'ಇಸ್ಥಿ' ಅಂದರೆ ತಿಳ್ಕೋ. 'ಇಸ್ತೋ' ಅಂದರೆ ಅವನು ತಿಳಿಯಲಿ. ಈ ಎರಡನೆಯದು ಆಣೆ ಇಡುವಾಗ ಬರುತ್ತದೆ. ಟ್ರಾಯ್ ಯುದ್ಧದ ಕತೆ ಹೇಳುವ ಹೋಮರನ ಕಾವ್ಯ ಇಲಿಯಡ್‌ನ 10ನೇ ಭಾಗದಲ್ಲಿ ಟ್ರಾಯ್ ಕಡೆಯ ವೀರ ಹೆಕ್ಟರ್ 'ಇಸ್ತೋ ನೂನ್ ಜ್ಯೂಸ್' ಎಂದು ಮಾತು ಕೊಡುತ್ತಾನೆ. ಜ್ಯೂಸ್ ದೇವರೇ ಈಗ ತಿಳಿಯಲಿ, ಅವನೇ ಸಾಕ್ಷಿ ಅಂತ. ನಮ್ಮಲ್ಲಿ 'ದೇವರಾಣೆಗೂ' ಅನ್ನುವ ಜಾಗ ಇದು.

ಹೆಜ್ಜೆ 5: ಬಲ್ಲವನು, ಬಲ್ಲವಳು

'ಬಲ್ಲವನೇ ಬಲ್ಲ ಬೆಲ್ಲದ ರುಚಿಯ' ಅನ್ನುತ್ತೇವಲ್ಲ, ಆ 'ಬಲ್ಲವನು' ಗ್ರೀಕ್‌ನಲ್ಲಿ 'ಎಯ್ದೋಸ್'. ಬಲ್ಲವಳು 'ಎಯ್ದುಯ್ಯ'. ನಪುಂಸಕದಲ್ಲಿ 'ಎಯ್ದೊಸ್', ಓ ಹೋಗಿ ಒ. ವಿಭಕ್ತಿ ಹತ್ತಿಸುವಾಗ ಗಂಡುರೂಪದ ಅಂಗ 'ಎಯ್ದೊತ್' ಆಗುತ್ತದೆ: ಬಲ್ಲವನ ಅನ್ನಲು 'ಎಯ್ದೊತೊಸ್'.

ಇವಕ್ಕೆ ಸಂಸ್ಕೃತದ ಜೋಡಿ ಯಾವುದು ಗೊತ್ತಾ? ವಿದ್ವಾನ್ ಮತ್ತು ವಿದುಷಿ. ಹೌದು, ಸಂಗೀತ ಕಛೇರಿಯ ಆಹ್ವಾನ ಪತ್ರಿಕೆಯಲ್ಲಿ ಹಾಡುವವರ ಹೆಸರಿನ ಮುಂದೆ ಇರುತ್ತದಲ್ಲ, ಅದೇ. ವಿದ್ ಧಾತುವಿಗೆ ಪರ್ಫೆಕ್ಟ್‌ನ ಕೃದಂತ ಪ್ರತ್ಯಯ ಹತ್ತಿ ಆದ ಪದಗಳು ಇವು. ಗ್ರೀಕ್ ಮತ್ತು ಸಂಸ್ಕೃತ ಎರಡರಲ್ಲೂ ಅದೇ ಧಾತು, ಅದೇ ಪ್ರತ್ಯಯ. ಹೆಣ್ಣುರೂಪ ಹೋಮರನಲ್ಲಿ 'ಇದುಯ್ಯ' ಎಂದೂ ಬರುತ್ತದೆ, ಕಮ್ಮಾರದೇವ ಹೆಫೇಸ್ತಸನ ಕುಶಲ ಮನಸ್ಸನ್ನು ಹೊಗಳುವಾಗ. ಕಳೆದುಹೋದ ವ ಸೇರಿಸಿ ಓದಿ: ವಿದುಯ್ಯ. ವಿದುಷಿಯ ಅಕ್ಕನೋ ತಂಗಿಯೋ ಇರಬೇಕು ಅನ್ನಿಸುತ್ತದೆ. ಇದನ್ನು ಮೊದಲು ಕಂಡ ದಿನ ನಾನು ಪುಸ್ತಕ ಮುಚ್ಚಿ ಒಂದು ಕಾಫಿ ಮಾಡಿಕೊಂಡು ಕೂತೆ.

ಈ ರೂಪವನ್ನು ಕಲಿಯಲೇಬೇಕು, ಏಕೆಂದರೆ ಗ್ರೀಕ್ ನಾಟಕದ ಒಂದು ಪ್ರಸಿದ್ಧ ಶ್ಲೇಷೆ ಇದರ ಮೇಲೆ ನಿಂತಿದೆ. ಸೊಫೊಕ್ಲೀಸನ ಈಡಿಪಸ್ ನಾಟಕದಲ್ಲಿ ರಾಜ ಕುರುಡ ಕಣಿಗಾರ ಟೈರೀಸಿಯಸನನ್ನು ಹಂಗಿಸುತ್ತಾನೆ. ಸ್ಫಿಂಕ್ಸ್‌ನ ಒಗಟು ಬಿಡಿಸಲು ನಿನ್ನಿಂದ ಆಗಲಿಲ್ಲ, ನಾನು ಬಂದು ಬಿಡಿಸಿದೆ ಅನ್ನುತ್ತಾನೆ. ತನ್ನನ್ನು ಅವನು ಕರೆದುಕೊಳ್ಳುವುದು 'ಹೊ ಮೇದೆನ್ ಎಯ್ದೋಸ್ ಒಯ್ದಿಪೂಸ್' ಎಂದು: ಏನೂ ಅರಿಯದ ಈಡಿಪಸ್. ಎಯ್ದೋಸ್, ಒಯ್ದಿಪೂಸ್. ಅವನ ಹೆಸರಿಗೆ ನಿಜವಾದ ಅರ್ಥ ಬಾತ ಕಾಲಿನವನು, ಅದು ಊದಿಕೊಳ್ಳುವುದು ಅನ್ನುವ ಬೇರೆ ಧಾತು. ಆದರೆ ಅಥೆನ್ಸಿನ ಪ್ರೇಕ್ಷಕರ ಕಿವಿಗೆ ಹೆಸರಿನ ಮೊದಲಲ್ಲೇ 'ಒಯ್ದ' ಕೇಳುತ್ತದೆ. ಎಲ್ಲ ಬಲ್ಲೆ ಅಂದುಕೊಂಡವನು ವ್ಯಂಗ್ಯವಾಗಿ ಏನೂ ಅರಿಯದವನು ಅಂದುಕೊಳ್ಳುತ್ತಾನೆ. ತಾನು ಯಾರ ಮಗ ಅನ್ನುವುದೇ ಅವನಿಗೆ ಗೊತ್ತಿಲ್ಲ, ಹಾಗಾಗಿ ಅದೇ ನಿಜ ಎಂದು ನೋಡುತ್ತ ಕೂತವರಿಗೆಲ್ಲ ಗೊತ್ತು. ಯಾವ ಅನುವಾದದಲ್ಲೂ ಇದು ಉಳಿಯುವುದಿಲ್ಲ.

ಹೆಜ್ಜೆ 6: ವಾಕ್ಯದಲ್ಲಿ ಹೇಗೆ ಕೂರುತ್ತದೆ

ಸುಲಭವಾದದ್ದು ಮೊದಲು. 'ಒಯ್ದ ಹೊತಿ' ಅಂದರೆ '...ಅಂತ ಗೊತ್ತು'. ಹೊತಿ ಅಂದರೆ ನಮ್ಮ 'ಅಂತ'. ನಮ್ಮಲ್ಲಿ ಅದು ಮಾತಿನ ಕೊನೆಗೆ ಬರುತ್ತದೆ, ಗ್ರೀಕ್‌ನಲ್ಲಿ ಮೊದಲಿಗೆ.

ಎರಡನೆಯದು ಭಾವರೂಪದ ಜತೆ. ಆಗ ಅರ್ಥ 'ಮಾಡಲು ಬಲ್ಲೆ, ಬರುತ್ತದೆ' ಎಂದಾಗುತ್ತದೆ. ಇಲ್ಲಿ ಕನ್ನಡದ 'ಬಲ್ಲೆ' ಅಚ್ಚುಕಟ್ಟಾಗಿ ಕೂರುತ್ತದೆ. ಬಲ್ಲೆ ಅಂದರೆ ಗೊತ್ತು, 'ಈಜಬಲ್ಲೆ' ಅಂದರೆ ಈಜಲು ಬರುತ್ತದೆ. ಒಂದೇ ಪದ ಎರಡೂ ಕೆಲಸ ಮಾಡುತ್ತದೆ. ಬಲ್ಲೆ ಕೂಡ ಒಯ್ದ ತರಹ ಊರಿಗಿಲ್ಲದ ಕ್ರಿಯಾಪದವೇ. ಬೇರೆ ಕ್ರಿಯಾಪದಗಳ ಹಾಗೆ ಅದಕ್ಕೆ ಕಾಲ ಹತ್ತುವುದಿಲ್ಲ. ಇಲಿಯಡ್‌ನ 7ನೇ ಭಾಗದಲ್ಲಿ ಗ್ರೀಕ್ ವೀರ ಏಜಾಕ್ಸ್ ಎದುರಿಗೆ ನಿಂತ ಹೆಕ್ಟರ್ ಕೊಚ್ಚಿಕೊಳ್ಳುವುದು ಹೀಗೆ: 'ಒಯ್ದ್ ಎಪಿ ದೆಕ್ಸಿಯ, ಒಯ್ದ್ ಎಪ್ ಅರಿಸ್ತೆರ ನೋಮೇಸಯ್ ಬೋನ್'. ಬಲಕ್ಕೂ ತಿರುಗಿಸಬಲ್ಲೆ, ಎಡಕ್ಕೂ ತಿರುಗಿಸಬಲ್ಲೆ ಈ ತೊಗಲಿನ ಗುರಾಣಿಯನ್ನ. ಕೊನೆಯ 'ಬೋನ್' ಅಂದರೆ ನೇರವಾಗಿ ಎತ್ತು ಅಂತಲೇ, ಸಂಸ್ಕೃತದ 'ಗೋ'ಗೆ ನಂಟು. ಎತ್ತಿನ ಚರ್ಮದ ಗುರಾಣಿಯನ್ನು ಬರೀ ಎತ್ತು ಅಂದಿದ್ದಾನೆ. 'ಒಯ್ದ್ ಎಪಿ'ಯಲ್ಲಿ ಒಯ್ದದ ಕೊನೆಯ ಅ ಬಿದ್ದಿರುವುದನ್ನು ಗಮನಿಸಿ. ಇದು ಲೋಪಸಂಧಿ.

ಮೂರನೆಯದು ಕೃದಂತದ ಜತೆ. ಇದು ನಮಗೆ ಸ್ವಲ್ಪ ವಿಚಿತ್ರ. ಮಗ ಸತ್ತ ಸುದ್ದಿ ಬಂದಾಗ ತತ್ವಜ್ಞಾನಿ ಅನಾಕ್ಸಾಗೊರಸ್ ಹೇಳಿದನೆಂಬ ಒಂದು ಮಾತು ಪ್ರಸಿದ್ಧ: 'ಏಯ್ದೆಯ್ನ್ ಔತೂಸ್ ಥ್ನೇತೂಸ್ ಗೆನ್ನೇಸಾಸ್'. ಪದಕ್ಕೆ ಪದ ಇಟ್ಟರೆ 'ತಿಳಿದಿದ್ದೆ, ಅವರನ್ನು ಸಾಯುವವರನ್ನಾಗಿ ಹುಟ್ಟಿಸಿದವನು'. ನಮ್ಮ ಮಾತಲ್ಲಿ 'ಸಾಯುವ ಮಕ್ಕಳನ್ನೇ ಹುಟ್ಟಿಸಿದ್ದೇನೆ ಅಂತ ನನಗೆ ತಿಳಿದಿತ್ತು'. 'ಅಂತ' ಇಲ್ಲದೆ ಬರೀ 'ಹುಟ್ಟಿಸಿದವನು' ಅನ್ನುವುದರಿಂದಲೇ ಕೆಲಸ ಆಗಿದೆ. ಇದೇ ಮಾತನ್ನು ಬೇರೆಯವರ ಬಾಯಿಗೂ ಹಾಕುತ್ತಾರೆ. ಯಾರೇ ಹೇಳಿರಲಿ, ನಾಲ್ಕೇ ಪದ.

ಇನ್ನೊಂದು ನುಡಿಗಟ್ಟು: 'ಖರಿನ್ ಒಯ್ದ'. ಖರಿನ್ ಅಂದರೆ ಉಪಕಾರ, ದಯೆ. ಉಪಕಾರ ಬಲ್ಲೆ ಅಂದರೆ ನಾನು ಋಣಿ. ವಿಚಿತ್ರ ಅನ್ನಿಸಿದರೆ ನಮ್ಮ 'ಕೃತಜ್ಞ' ಬಿಡಿಸಿ ನೋಡಿ. ಕೃತ, ಜ್ಞ. ಮಾಡಿದ್ದನ್ನು ಬಲ್ಲವನು.

ಹೋಮರನಲ್ಲಿ ಈ ಕ್ರಿಯಾಪದ ಸ್ವಭಾವವನ್ನೂ ಹೇಳುತ್ತದೆ. ಅವನ ಇನ್ನೊಂದು ಕಾವ್ಯ ಒಡಿಸ್ಸಿಯ 9ನೇ ಭಾಗದಲ್ಲಿ ಒಂಟಿಗಣ್ಣಿನ ರಾಕ್ಷಸನನ್ನು 'ಅಥೆಮಿಸ್ತಿಯ ಏಯ್ದೇ' ಅನ್ನುತ್ತಾನೆ. ನೇರ ಅರ್ಥ 'ಅಧರ್ಮದ ಸಂಗತಿಗಳನ್ನು ಬಲ್ಲವನಾಗಿದ್ದ', ಭಾವ ಮಾತ್ರ 'ಅವನು ಕಟ್ಟಳೆ ಮೀರಿದ ಆಸಾಮಿ'. (ಹೋಮರನಲ್ಲಿ 'ಅವನು' ರೂಪವೂ 'ಏಯ್ದೇ' ಆಗಿರಬಹುದು.) ಇಂಥ ಕಡೆ 'ಗೊತ್ತು' ಅಂತ ಅನುವಾದ ಮಾಡಿದರೆ ಅರ್ಥ ಕೆಡುತ್ತದೆ.

ಹೆಜ್ಜೆ 7: ಎಡವುವ ಜಾಗಗಳು

ಮೊದಲ ಗುಂಡಿ ನೋಡುವುದು ಮತ್ತು ತಿಳಿಯುವುದು. 'ಕಂಡೆ' ಅನ್ನಲು ಗ್ರೀಕ್‌ನಲ್ಲಿ 'ಎಯ್ದೊನ್'. ಅದೇ ಧಾತು. ಹಾಗಾಗಿ ರೂಪಗಳು ಅಣ್ಣತಮ್ಮಂದಿರ ಮುಖದ ಹಾಗೆ ಹೋಲುತ್ತವೆ. ಕಂಡು ಅನ್ನಲು 'ಇದೋನ್', ಬಲ್ಲವನು ಅನ್ನಲು 'ಎಯ್ದೋಸ್'. ಕಾಣುವುದು 'ಇದೆಯ್ನ್', ತಿಳಿಯುವುದು 'ಎಯ್ದೆನಯ್'. ಕಾಣಲಿ ಅಂತ 'ಇದೋ', ತಿಳಿಯಲಿ ಅಂತ 'ಎಯ್ದೋ'. ನಾನು ಇಟ್ಟುಕೊಂಡ ಗುರುತು ಇಷ್ಟು: ಈ ಮೂರು ಜೋಡಿಗಳಲ್ಲಿ ಬರೀ 'ಇ' ಇದ್ದರೆ ಕಣ್ಣು, 'ಎಯ್' ಇದ್ದರೆ ತಲೆ. 'ಎಯ್ದೊನ್' ಮಾತ್ರ ಈ ಗುರುತಿಗೆ ಸಿಗುವುದಿಲ್ಲ, ಅದರಲ್ಲಿ ಭೂತಕಾಲದ ಎ ಮುಂದೆ ಅಂಟಿದೆ.

'ಇಸ್ಥಿ' ಎರಡನೆಯ ಗುಂಡಿ. ಇದು 'ತಿಳ್ಕೋ' ಕೂಡ ಹೌದು, 'ಇರು' ಕೂಡ ಹೌದು. ಇರುವುದು ಅನ್ನುವ ಬೇರೊಂದು ಕ್ರಿಯಾಪದದ ಆಜ್ಞೆಯೂ ಇದೇ ಸದ್ದಿನಲ್ಲಿ ಬಂದು ಕೂತಿದೆ. 'ಎವ್ ಇಸ್ಥಿ ಹೊತಿ' ಎಂದು ಬಂದರೆ ಅನುಮಾನವೇ ಬೇಡ, 'ಚೆನ್ನಾಗಿ ತಿಳ್ಕೋ' ಅಂತಲೇ. ಪಕ್ಕದಲ್ಲಿ 'ಒಳ್ಳೆಯವನು', 'ಧೈರ್ಯವಂತ' ತರಹದ ಗುಣವಾಚಕ ಪ್ರಥಮಾ ವಿಭಕ್ತಿಯಲ್ಲಿದ್ದರೆ 'ಆಗಿರು'.

'ಏಯ್ಸನ್' ಮೂರನೆಯದು. ಇದು 'ಅವರಿಗೆ ತಿಳಿದಿತ್ತು', ಜತೆಗೆ 'ಅವರು ಹೋದರು' ಕೂಡ. ನಡುವಿನ ಯ್ ಇಲ್ಲದ 'ಏಸನ್' ಆದರೆ 'ಇದ್ದರು'. ಅಚ್ಚಿನಲ್ಲಿ ಆ ಯ್ ದೊಡ್ಡ ಅಕ್ಷರದ ಕೆಳಗೆ ಸಣ್ಣ ಕಡ್ಡಿಯಾಗಿ ಇರುತ್ತದೆ. ಕನ್ನಡಕ ಒರೆಸಿಕೊಂಡು ಓದಿ.

ನಿಘಂಟು ನೋಡುವಾಗಲೂ ಒಂದು ಎಚ್ಚರಿಕೆ. 1843ರಲ್ಲಿ ಮೊದಲು ಅಚ್ಚಾಗಿ ಇವತ್ತಿಗೂ ಎಲ್ಲರೂ ತೆಗೆಯುವ ಲಿಡೆಲ್ ಮತ್ತು ಸ್ಕಾಟ್ ನಿಘಂಟಿನಲ್ಲಿ ಒಯ್ದಕ್ಕೆ ಇರುವ ವಿವರಣೆ 'ಎಯ್ದೋ' ಅನ್ನುವ ತಲೆಬರಹದ ಕೆಳಗೆ, ಎರಡನೆಯ ಭಾಗದಲ್ಲಿದೆ. ಆ ತಲೆಬರಹ ನಿಘಂಟುಕಾರರು ಅನುಕೂಲಕ್ಕೆ ಇಟ್ಟುಕೊಂಡದ್ದು. 'ನೋಡುತ್ತೇನೆ' ಅನ್ನಲು ಗ್ರೀಕರು ಬಳಸುತ್ತಿದ್ದ ಪದ ಬೇರೆ, 'ಹೊರಾವೋ'. ಗುರುತು ಸಿಗದ ರೂಪ ಬಂದರೆ ಟಫ್ಟ್ಸ್ ವಿಶ್ವವಿದ್ಯಾಲಯದ ಪರ್ಸಿಯಸ್ ಡಿಜಿಟಲ್ ಲೈಬ್ರರಿಯಲ್ಲಿ ಹಾಕಿ ನೋಡಿ. ಉಚಿತ. ಯಾವ ಕ್ರಿಯಾಪದದ ಯಾವ ರೂಪ ಎಂದು ಹೇಳುತ್ತದೆ. ಎರಡು ಮೂರು ಸಾಧ್ಯತೆ ಕೊಟ್ಟರೆ ಆರಿಸುವ ಕೆಲಸ ನಿಮ್ಮದು.

ಹೆಜ್ಜೆ 8: ಓದಿ ನೋಡಿ

ಈಗ ನಿಜವಾದ ವಾಕ್ಯಗಳು. ಕನ್ನಡ ಅರ್ಥ ಓದುವ ಮೊದಲು ನಮ್ಮ ಕ್ರಿಯಾಪದ ಎಲ್ಲಿದೆ, ಯಾವ ರೂಪದಲ್ಲಿದೆ ಅಂತ ನೀವೇ ಹುಡುಕಿ.

'ಹೊಸ್ ಏಯ್ದೇ ತ ತ್ ಎಒಂತ ತ ತ್ ಎಸ್ಸೊಮೆನ ಪ್ರೊ ತ್ ಎಒಂತ.' ಇಲಿಯಡ್‌ನ 1ನೇ ಭಾಗದ 70ನೇ ಸಾಲು, ಕಣಿಗಾರ ಕಾಲ್ಖಸ್ ಬಗ್ಗೆ. ಈಗ ಇರುವುದನ್ನೂ, ಮುಂದೆ ಆಗುವುದನ್ನೂ, ಹಿಂದೆ ಇದ್ದುದನ್ನೂ ಅವನು ಬಲ್ಲವನಾಗಿದ್ದ. ರೂಪ: ತಿಳಿದಿತ್ತು.

'ಪಂತೆಸ್ ಅಂಥ್ರೋಪೊಯ್ ತೂ ಎಯ್ದೆನಯ್ ಒರೆಗೊಂತಯ್ ಫುಸೆಯ್.' ಅರಿಸ್ಟಾಟಲನ ಮೆಟಾಫಿಸಿಕ್ಸ್‌ನ ಮೊದಲ ವಾಕ್ಯ. ಮನುಷ್ಯರೆಲ್ಲ ಹುಟ್ಟು ಗುಣದಿಂದಲೇ ತಿಳಿಯುವುದಕ್ಕೆ ಕೈಚಾಚುತ್ತಾರೆ. ಇದಕ್ಕೆ ಗುರುತೇನು ಎಂದು ಅವನೇ ಮುಂದೆ ಹೇಳುತ್ತಾನೆ: ನಮಗೆ ಇಂದ್ರಿಯಗಳೆಂದರೆ ಪ್ರೀತಿ, ಅದರಲ್ಲೂ ಕಣ್ಣು. ತಿಳಿಯುವುದರಿಂದ ಶುರುಮಾಡಿ ನೋಡುವುದಕ್ಕೆ ಬಂದ. ಅವನ ಭಾಷೆಯ ಧಾತು ಅದೇ ದಾರಿಯನ್ನು ಉಲ್ಟಾ ನಡೆದಿತ್ತು.

'ಹ ಮೇ ಒಯ್ದ ಊದೆ ಒಯೊಮಯ್ ಎಯ್ದೆನಯ್.' ಕ್ರಿಸ್ತಪೂರ್ವ 399ರಲ್ಲಿ ವಿಚಾರಣೆಗೆ ನಿಂತ ಸಾಕ್ರೆಟಿಸ್ ಆಡಿದ ಮಾತೆಂದು ಪ್ಲೇಟೊ ಬರೆದದ್ದು. ನನಗೆ ಗೊತ್ತಿಲ್ಲದ್ದನ್ನು ಗೊತ್ತಿದೆ ಅಂತಲೂ ನಾನು ಅಂದುಕೊಳ್ಳುವುದಿಲ್ಲ. ಇದರಲ್ಲಿ ಒಯ್ದದ ಎರಡು ರೂಪ ಇವೆ, ಮಧ್ಯದ 'ಒಯೊಮಯ್' ಮಾತ್ರ ಬೇರೆ ಧಾತು, ಅಂದುಕೊಳ್ಳುತ್ತೇನೆ ಅಂತ. 'ನನಗೆ ಏನೂ ಗೊತ್ತಿಲ್ಲ ಎಂಬುದೊಂದೇ ನನಗೆ ಗೊತ್ತು' ಎಂದು ಸಾಕ್ರೆಟಿಸ್ ಹೆಸರಲ್ಲಿ ಓಡಾಡುವ ಮಾತು ಈ ಸಾಲಿನಿಂದ ಸವೆದು ಆದದ್ದು. ಅವನು ಅಷ್ಟು ನಾಟಕೀಯವಾಗಿ ಅಂದಿಲ್ಲ.

'ಊ ಗರ್ ಒಯ್ದಾಸಿನ್ ತಿ ಪೊಯೂಸಿನ್.' ಲೂಕನ ಸುವಾರ್ತೆ, 23ನೇ ಅಧ್ಯಾಯ, ಶಿಲುಬೆಯ ಮೇಲಿನ ಮಾತು. ಏನು ಮಾಡುತ್ತಿದ್ದೇವೆ ಅಂತ ಅವರಿಗೆ ಗೊತ್ತಿಲ್ಲ. ಇಲ್ಲಿ 'ಒಯ್ದಾಸಿನ್' ಎಲ್ಲಿಂದ ಬಂತು, 'ಇಸಾಸಿ' ಅಲ್ವಾ ಇರಬೇಕಾದ್ದು? ಹೊಸ ಒಡಂಬಡಿಕೆಯ ಹೊತ್ತಿಗೆ ಜನ ಒಯ್ದವನ್ನು ಸಾಮಾನ್ಯ ಕ್ರಿಯಾಪದಗಳ ಸಾಲಿಗೆ ತಂದಿದ್ದರು: ಒಯ್ದ, ಒಯ್ದಸ್, ಒಯ್ದೆನ್, ಒಯ್ದಮೆನ್, ಒಯ್ದತೆ, ಒಯ್ದಾಸಿನ್. ಇ ರೂಪಗಳು ಹೆಚ್ಚುಕಡಿಮೆ ಮಾಯ. ಬೈಬಲ್ ಓದಲೆಂದೇ ಗ್ರೀಕ್ ಕಲಿಯುವವರು ಈ ಆರನ್ನು ಮೊದಲು ಕಲಿತರೆ ಬೇಗ ಓಡುತ್ತದೆ.

ಇವತ್ತಿನ ಗ್ರೀಸಿನಲ್ಲಿ ಗೊತ್ತು ಅನ್ನಲು 'ಕ್ಸೆರೋ' ಅನ್ನುತ್ತಾರೆ. ಒಯ್ದ ಸತ್ತಿದೆ ಅನ್ನಬಹುದು, ಆದರೆ ಪೂರ್ತಿ ಅಲ್ಲ. ಹಳೆಯ ಬರಹದಿಂದ ಬಂದ ಒಂದು ನುಡಿಗಟ್ಟಿನಲ್ಲಿ ಅದು ಉಳಿದಿದೆ. ಉತ್ತರ ಹೊಳೆಯದ ಪ್ರಶ್ನೆ ಕೇಳಿದರೆ ಅವರೂ ಕೈ ತಿರುಗಿಸಿ 'ಕೀರಿಯೋಸ್ ಈದೆ' ಅನ್ನುತ್ತಾರೆ. ಒಯ್ ಅನ್ನುವ ಸದ್ದು ನೂರಾರು ವರ್ಷಗಳಲ್ಲಿ ಈ ಆಗಿದೆ. ಆ 'ಈದೆ' ನಮ್ಮ ಮೂರನೇ ರೂಪವೇ, 'ಒಯ್ದೆ'. ದೇವರೇ ಬಲ್ಲ.